ಹಳೇ ಸರ್ವರ್, ಎರಡು ನೆಟ್‌ವರ್ಕ್: ಹೋದ ಪ್ಯಾಕೆಟ್ ವಾಪಸ್ ಯಾಕೆ ಬರಲಿಲ್ಲ?

ಇವತ್ತಿನ ಎಪಿಸೋಡ್ ಶುರುವಾಗೋದು ತುಮಕೂರಿನ ನಮ್ಮ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಿಂದ. ಹಾರ್ಡ್‌ವೇರ್ ಅಂದ್ರೆ ನಟ್ಟು, ಬೋಲ್ಟು, ಪೈಪು. ಕಂಪ್ಯೂಟರ್ ಅಲ್ಲ!

ಕೆಳಗೆ ಅಂಗಡಿ, ಮೇಲೆ ಲೆಕ್ಕದ ರೂಮು. ಎರಡಕ್ಕೂ ಬೇರೆ ಬೇರೆ ಬ್ರಾಡ್‌ಬ್ಯಾಂಡ್, ಬೇರೆ ಬೇರೆ ರೂಟರ್. ಕೆಳಗಿನ ಬಿಲ್ಲುಗಳು ಪೆನ್‌ಡ್ರೈವ್‌ನಲ್ಲಿ ಮೆಟ್ಟಿಲು ಹತ್ತುತ್ತಿದ್ದವು. ಒಂದು ಸಲ 11ನೇ ತಾರೀಖು, ಅಂದ್ರೆ ಜಿಎಸ್‌ಟಿಆರ್-1 ಸಲ್ಲಿಸೋ ಕೊನೇ ದಿನ, ಸಂಜೆ ನೋಡಿದ್ರೆ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಹಳೇ ಫೈಲ್. ತಿಂಗಳ ಕೊನೆಯ ನಾಲ್ಕು ದಿನದ ಬಿಲ್ಲೇ ಇಲ್ಲ. "ಬಿಕಾಂ ಓದಿದೀಯ, ಕಂಪ್ಯೂಟರೂ ಬರುತ್ತೆ ಅಂತೀಯ, ಇದಕ್ಕೊಂದು ದಾರಿ ಮಾಡೋ" ಅಂದ್ರು ಚಿಕ್ಕಪ್ಪ.

ಎಲ್ಲವನ್ನೂ ಒಂದೇ ವೈಫೈಗೆ ಹಾಕಿಬಿಡಬಹುದಿತ್ತು. ಆದ್ರೆ ಕೆಳಗಿನ ವೈಫೈ ಪಾಸ್‌ವರ್ಡ್ ಅರ್ಧ ಗಿರಾಕಿಗಳಿಗೆ ಗೊತ್ತು. ಸಿಗ್ನಲ್ ಸಿಗಲ್ಲ, ಯುಪಿಐ ಮಾಡಬೇಕು ಅಂತ ಕೇಳಿ ಹಾಕಿಸ್ಕೊಂಡಿದಾರೆ. ಲೆಕ್ಕದ ಕಂಪ್ಯೂಟರ್‌ನ ಅದೇ ನೆಟ್‌ವರ್ಕ್‌ಗೆ ಸೇರಿಸೋದು ನನಗೆ ಸರಿ ಅನ್ನಿಸಲಿಲ್ಲ. ಎರಡೂ ಬೇರೆಯಾಗೇ ಇರಬೇಕು, ನಡುವೆ ಒಂದು ಬಾಗಿಲು ಬೇಕು ಅಷ್ಟೇ.

ಮೂಲೆಯಲ್ಲಿ ಒಂದು ಹಳೇ ಸರ್ವರ್ ಧೂಳು ತಿನ್ನುತ್ತಾ ಇತ್ತು. ಹಿಂದೆ ಎರಡು ಲ್ಯಾನ್ ಪೋರ್ಟ್. ರೂಟರ್ ಆಗೋಕೆ ಅಷ್ಟು ಸಾಕು. ರೂಟರ್ ಅಂದ್ರೆ ಆಂಟೆನಾ ಇರೋ ಡಬ್ಬಿನೇ ಆಗಬೇಕಿಲ್ಲ. 1986ರಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಶುರುವಾದಾಗ ಅಲ್ಲಿ ರೂಟರ್ ಕೆಲಸ ಮಾಡಿದ್ದು ಪಿಡಿಪಿ-11 ಕಂಪ್ಯೂಟರ್‌ಗಳು, ಡೇವಿಡ್ ಮಿಲ್ಸ್ ಅವರ ಫಜ್‌ಬಾಲ್ ಸಾಫ್ಟ್‌ವೇರ್ ಹಾಕ್ಕೊಂಡು. ಲೈನ್ ವೇಗ ಸೆಕೆಂಡಿಗೆ 56 ಕಿಲೋಬಿಟ್!

ಮೊದಲ ತೊಡಕು ವಿಳಾಸದ್ದು. ಎರಡೂ ಕಡೆ 192.168.1 ಅಂತಲೇ ಶುರುವಾಗೋ ನಂಬರ್‌ಗಳು. ಹಾಗಿದ್ರೆ ಮೇಲಿನ ಕಂಪ್ಯೂಟರ್, 'ನಾನು ಹುಡುಕ್ತಿರೋನು ನನ್ನ ಬೀದಿಯಲ್ಲೇ ಇದಾನೆ' ಅಂದ್ಕೊಂಡು ಬಾಗಿಲ ಹತ್ರ ಬರೋದೇ ಇಲ್ಲ. ಮೇಲಿನ ರೂಟರ್‌ನಲ್ಲಿ 192.168.2 ಅಂತ ಬದಲಾಯಿಸಿದೆ. ಸರ್ವರ್‌ನ ಒಂದು ಕೇಬಲ್ ಕೆಳಗಿನ ರೂಟರ್‌ಗೆ, ಇನ್ನೊಂದು ಮೇಲಿನದಕ್ಕೆ. ಸರ್ವರ್‌ಗೆ ಕೆಳಗೆ 192.168.1.50, ಮೇಲೆ 192.168.2.50 ಅಂತ ಎರಡು ವಿಳಾಸ. ಆಮೇಲೆ ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಬೇಕು. ಸಾಮಾನ್ಯವಾಗಿ ಅದು ಸೊನ್ನೆ ಇರುತ್ತೆ, ಒಂದು ಮಾಡಬೇಕು. ಕಾನ್ಫಿಗ್ ಫೈಲ್‌ನಲ್ಲೂ ಬರೆದಿಡಿ, ಇಲ್ಲಾಂದ್ರೆ ರೀಸ್ಟಾರ್ಟ್ ಆದಾಗ ಹೋಗಿಬಿಡುತ್ತೆ. ಮೇಲಿನ ಕಂಪ್ಯೂಟರ್‌ಗೆ '192.168.1ಕ್ಕೆ ಹೋಗಬೇಕಂದ್ರೆ 192.168.2.50ರ ಕೈಗೆ ಕೊಡು' ಅಂತ ಒಂದು ರೂಟ್ ಹೇಳಿಕೊಟ್ಟೆ.

ಪಿಂಗ್ ಮಾಡಿದೆ. ಉತ್ತರ ಇಲ್ಲ.

ಮೂರು ಗಂಟೆ ಹೋಯ್ತು. ಕೇಬಲ್ ಬದಲಾಯಿಸಿದೆ, ಸರ್ವರ್‌ನ ಬೈಕೊಂಡೆ. ಕೊನೆಗೆ ಸರ್ವರ್‌ನಲ್ಲೇ ಟಿಸಿಪಿಡಂಪ್ ಹಾಕಿ ನೋಡಿದ್ರೆ, ಪ್ಯಾಕೆಟ್ ಮೇಲಿಂದ ಬಂದು ಕೆಳಗಿನ ಕೇಬಲ್‌ನಲ್ಲಿ ಸರಿಯಾಗೇ ಹೋಗ್ತಿದೆ. ವಾಪಸ್ ಮಾತ್ರ ಏನೂ ಬರ್ತಿಲ್ಲ. ಯಾಕಂದ್ರೆ ದಾರಿ ಹೇಳಿದ್ದು ಒಬ್ಬನಿಗೆ ಮಾತ್ರ! ಕೆಳಗಿನ ಬಿಲ್ಲಿಂಗ್ ಕಂಪ್ಯೂಟರ್‌ಗೆ 192.168.2 ಅನ್ನೋ ನೆಟ್‌ವರ್ಕ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ ವಿಳಾಸ ಬಂದ್ರೆ ಅದು ತನ್ನ ಡೀಫಾಲ್ಟ್ ಗೇಟ್‌ವೇಗೆ, ಅಂದ್ರೆ ಬ್ರಾಡ್‌ಬ್ಯಾಂಡ್ ರೂಟರ್‌ಗೆ ಕೊಟ್ಟುಬಿಡುತ್ತೆ. ಆ ರೂಟರ್‌ಗೂ ಗೊತ್ತಿಲ್ಲ, ಅದು ಇಂಟರ್‌ನೆಟ್ ಕಡೆಗೆ ಎಸೆಯುತ್ತೆ. 192.168ರ ವಿಳಾಸಗಳು ಮನೆಯೊಳಗಿನ ಬಳಕೆಗೆ ಅಂತ 1996ರಲ್ಲೇ ಆರ್‌ಎಫ್‌ಸಿ 1918 ಹೇಳಿದೆ, ಹೊರಗೆ ಅವಕ್ಕೆ ದಾರಿ ಇಲ್ಲ. ಉತ್ತರ ಅಲ್ಲೇ ಸಾಯುತ್ತೆ.

ಬಿಲ್ಲಿಂಗ್ ಕಂಪ್ಯೂಟರ್‌ಗೂ '192.168.2ಕ್ಕೆ ಹೋಗೋಕೆ 192.168.1.50' ಅಂತ ಒಂದು ರೂಟ್ ಹಾಕಿದೆ. ಆಮೇಲೂ ಪಿಂಗ್ ಬರಲಿಲ್ಲ! ಆ ಸಲ ಅಡ್ಡ ನಿಂತಿದ್ದು ವಿಂಡೋಸ್ ಫೈರ್‌ವಾಲ್. ತನ್ನ ಸಬ್‌ನೆಟ್‌ನಿಂದ ಬಂದವರನ್ನ ಮಾತ್ರ ಒಳಗೆ ಬಿಡ್ತಿತ್ತು. ಮೇಲಿನ ಕಂಪ್ಯೂಟರ್‌ನ ವಿಳಾಸ ಸೇರಿಸಿದ ಮೇಲೆ ಬಂತು ನೋಡಿ ಉತ್ತರ.

ಇಲ್ಲಿಗೆ ನಿಲ್ಲಿಸಿದ್ರೆ ಅಪಾಯ. ಬಾಗಿಲು ಎರಡೂ ಕಡೆಗೆ ತೆರೆದಿದೆ, ವೈಫೈ ಕೇಳಿದ ಗಿರಾಕಿಯ ಫೋನೂ ಲೆಕ್ಕದ ಕಂಪ್ಯೂಟರ್‌ನ ಬಾಗಿಲು ತಟ್ಟಬಹುದು. ಅದಕ್ಕೇ ಸರ್ವರ್‌ನಲ್ಲಿ ನಿಯಮ ಹಾಕಿದೆ: ಮೇಲಿನ ಲೆಕ್ಕದ ಕಂಪ್ಯೂಟರ್ ಮಾತ್ರ, ಕೆಳಗಿನ ಬಿಲ್ಲಿಂಗ್ ಕಂಪ್ಯೂಟರ್ ಜೊತೆ ಮಾತ್ರ, ಫೈಲ್ ಹಂಚಿಕೆಯ 445ನೇ ಪೋರ್ಟ್‌ನಲ್ಲಿ ಮಾತು ಶುರು ಮಾಡಬಹುದು. ಅದರ ಉತ್ತರ ವಾಪಸ್ ಬರಬಹುದು. ಉಳಿದಿದ್ದೆಲ್ಲಾ ಬಂದ್. ಪಿಂಗ್ ಕೂಡ.

ಇನ್ನು ನಮ್ಮ ಕಾಮರ್ಸ್ ಲೆಕ್ಕ. ಹಳೇ ಸರ್ವರ್ ಫ್ರೀ ಅಲ್ಲ. 60 ವಾಟ್ ಅಂತ ಹಿಡಿದು 24 ಗಂಟೆ ಓಡಿಸಿದ್ರೆ ತಿಂಗಳಿಗೆ 43 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂದ್ಕೊಂಡ್ರೆ ಹತ್ತಿರ ಹತ್ತಿರ 345 ರೂಪಾಯಿ. ಅದೇ ಕೆಲಸನ 8-10 ವಾಟ್‌ನ ಚಿಕ್ಕ ರೂಟರ್ ಮಾಡುತ್ತೆ. ನಾವು ಸದ್ಯಕ್ಕೆ ಅಂಗಡಿ ತೆಗೆದಿರೋ ಹೊತ್ತಲ್ಲಿ ಮಾತ್ರ ಸರ್ವರ್ ಆನ್ ಇಡ್ತೀವಿ. ಚಿಕ್ಕಪ್ಪ ಬೆಳಿಗ್ಗೆ ಶಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಆಮೇಲೆ ಅದರ ಸ್ವಿಚ್ ಹಾಕ್ತಾರೆ. ಪೆನ್‌ಡ್ರೈವ್ ಇನ್ನೂ ಗಲ್ಲಾಪೆಟ್ಟಿಗೆಯಲ್ಲೇ ಇದೆ. "ಇರಲಿ ಬಿಡೋ" ಅಂತಾರೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಹೀಗೆ ಎರಡು ನೆಟ್‌ವರ್ಕ್ ಇದ್ರೆ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.