ವೈ-ಫೈ ಏಕೆ ಕೈಕೊಡುತ್ತದೆ?

ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಿಲಯದ ಧ್ವನಿ ಗೊರಗೊರನೆ ಕೇಳಿಸಿದರೆ ಅವರು ಮೊದಲೇ ನಿಲಯವನ್ನು ಬಯ್ಯುವುದಿಲ್ಲ. ಪೆಟ್ಟಿಗೆಯನ್ನು ಕೊಂಚ ತಿರುಗಿಸುತ್ತಾರೆ, ಏರಿಯಲ್ಲನ್ನು ಸರಿಪಡಿಸುತ್ತಾರೆ, ಕಿಟಕಿಯ ಬಳಿಗೆ ಒಯ್ದು ನೋಡುತ್ತಾರೆ. ಅದೇ ಜನ, ವೈ-ಫೈ ನಿಂತೊಡನೆ ಮಾತ್ರ ಕಂಪೆನಿಗೆ ಫೋನು ಮಾಡಿ ಗದರುತ್ತಾರೆ.

ಹಾಗೆ ಗದರಿದವರಲ್ಲಿ ನಾನೂ ಒಬ್ಬ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಅದನ್ನು ತುಂಬಲೆಂದು ಸಂಜೆ ನಮ್ಮ ಮನೆಗೆ ಬಂದ ಹುಡುಗಿಯೊಬ್ಬಳ ಕಣ್ಣೆದುರಿಗೇ ಸಂಪರ್ಕ ಮೂರು ಸಲ ಕಡಿದುಹೋಯಿತು. ನೆರೆಮನೆಯವರ ಕೃಪೆಯಿಂದ ಅರ್ಜಿ ಗಡುವಿಗೆ ಮೊದಲೇ ತಲುಪಿತೆನ್ನಿ. ತಲುಪದಿದ್ದರೆ ಅವಳ ಒಂದು ವರ್ಷದ ಶುಲ್ಕವೇ ಹೋಗುತ್ತಿತ್ತು. ಮರುದಿನ ಬಂದ ಕಂಪೆನಿಯ ತರುಣ ನನ್ನ ಬೈಗುಳವನ್ನೆಲ್ಲ ಕೇಳಿ, ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ನಡುಮನೆಯ ಎತ್ತರದ ಗೂಡಿನಲ್ಲಿಟ್ಟ. ರೋಗ ಅಷ್ಟಕ್ಕೇ ಗುಣವಾಯಿತು.

ಇದಕ್ಕೆ ಕಾರಣ ಸರಳವಾದದ್ದು. ವೈ-ಫೈ ಎಂಬುದೂ ರೇಡಿಯೋವೇ. ಮಧ್ಯಮ ತರಂಗದ ಪ್ರಸಾರದಲ್ಲಿ ಒಂದೊಂದು ಅಲೆಯೂ ಸುಮಾರು 190ರಿಂದ 560 ಮೀಟರಿನಷ್ಟು ಉದ್ದ. ವೈ-ಫೈ ಸಾಮಾನ್ಯವಾಗಿ ಬಳಸುವ ಪಟ್ಟಿಗಳು ಎರಡು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆ ಸುಮಾರು 12 ಸೆಂಟಿಮೀಟರು. ಎರಡನೆಯದರದು ಅದರ ಅರ್ಧಕ್ಕೂ ತುಸು ಕಡಿಮೆ. ಪ್ರಸಾರ ನಿಲಯ ಸಾವಿರಾರು ವ್ಯಾಟುಗಳಲ್ಲಿ ಕೂಗಿದರೆ, ಈ ಪೆಟ್ಟಿಗೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಪಿಸುಗುಟ್ಟುತ್ತದೆ. ಇಂಥ ಮೆಲುದನಿಯನ್ನು ಕಬ್ಬಿಣ ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ, ದಪ್ಪ ಗೋಡೆ ಕುಗ್ಗಿಸುತ್ತದೆ.

ತರಗತಿಯಲ್ಲಿ ಕಠಿನವಾದ ಪದ್ಯ ಬಂದಾಗ ಮೊದಲು ಪದವಿಭಾಗ ಮಾಡಿಕೊಂಡು ಆಮೇಲೆ ಅನ್ವಯಕ್ಕೆ ಕೈಹಾಕುತ್ತೇವೆ. ಇಲ್ಲಿಯೂ ಅದೇ ಕ್ರಮ. ಸಂಪರ್ಕದಲ್ಲಿ ಎರಡು ಭಾಗಗಳುಂಟು. ಹೊರಗಿನಿಂದ ಪೆಟ್ಟಿಗೆಯವರೆಗೆ ತಂತಿಯಲ್ಲೋ ಗಾಜಿನ ಎಳೆಯಲ್ಲೋ ಬರುವುದು ಒಂದು. ಪೆಟ್ಟಿಗೆಯಿಂದ ನಿಮ್ಮ ಕೈಯ ಫೋನಿನವರೆಗೆ ಗಾಳಿಯಲ್ಲಿ ಸಾಗುವುದು ಇನ್ನೊಂದು. ಕೆಟ್ಟಿರುವುದು ಯಾವುದೆಂದು ತಿಳಿಯಲು ಕಂಪ್ಯೂಟರನ್ನು ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಿ ನೋಡಿ. ತಂತಿ ಇಲ್ಲದವರು ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ ಕುಳಿತು ಪರೀಕ್ಷಿಸಬಹುದು. ಆಗಲೂ ಕಡಿದುಹೋದರೆ ದೋಷ ಹೊರಗಿನದು ಅಥವಾ ಪೆಟ್ಟಿಗೆಯದು. ಕಂಪೆನಿಯವರನ್ನು ಕರೆಯುವುದೇ ಸರಿ. ಎಲ್‌ಓಎಸ್ ಎಂಬ ಕೆಂಪು ದೀಪ ಉರಿದರಂತೂ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲವೆಂದೇ ಅರ್ಥ. ಆ ಎಳೆಯನ್ನು ಮಡಿಸುವುದಾಗಲಿ, ತುದಿ ಬಿಚ್ಚಿ ಕಣ್ಣಿಟ್ಟು ನೋಡುವುದಾಗಲಿ ಕೂಡದು. ಹತ್ತಿರದಲ್ಲಿ ಸರಾಗವಾಗಿದ್ದು ದೂರದ ಕೋಣೆಯಲ್ಲಿ ಮಾತ್ರ ಕೈಕೊಟ್ಟರೆ, ಮದ್ದು ನಿಮ್ಮ ಮನೆಯಲ್ಲೇ ಇದೆ.

ಮೊದಲ ಮದ್ದು ಸ್ಥಾನಪಲ್ಲಟ. ಪೆಟ್ಟಿಗೆ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿರಲಿ. ಬೀರು, ಟಿ.ವಿ.ಯ ಹಿಂಬದಿ, ನೀರಿನ ತೊಟ್ಟಿ, ಮೀನಿನ ಗಾಜಿನ ಪೆಟ್ಟಿಗೆ, ದೊಡ್ಡ ನಿಲುಗನ್ನಡಿ ಇವುಗಳ ನೆರೆ ಬೇಡ. ಅದರ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದಾಗ ಅಲೆಗಳು ಉದ್ದಿನ ವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತವೆ. ಕಡ್ಡಿಯ ನೇರ ಮೇಲೆ ಕೆಳಗೆ, ವಡೆಯ ತೂತಿನಲ್ಲಿದ್ದಂತೆ, ಬಲ ಕಡಿಮೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಮಹಡಿಯ ಮನೆಯವರು ಒಂದು ಕಡ್ಡಿಯನ್ನು ಅಡ್ಡವಾಗಿ ಬಾಗಿಸಿ ನೋಡಬಹುದು.

ಎರಡನೆಯದು ಪಟ್ಟಿಯ ಆಯ್ಕೆ. 2.4ರ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಜನಜಂಗುಳಿ. ಒಂದು ಕಾಲಕ್ಕೆ ರೇಡಿಯೋ ಇಡುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತಲ್ಲವೆ? ಭಾರತದಲ್ಲಿ 2005ರಿಂದ ಈ ಪಟ್ಟಿಯಲ್ಲಿ ಅಲ್ಪಬಲದ ಉಪಕರಣಗಳಿಗೆ ಲೈಸೆನ್ಸು ಬೇಕಿಲ್ಲ. ಆದುದರಿಂದ ನೆರೆಹೊರೆಯ ಪೆಟ್ಟಿಗೆಗಳೂ ಬ್ಲೂಟೂತ್ ಸಾಧನಗಳೂ ಅಲ್ಲೇ ಸೇರಿವೆ. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45ರ ಆಸುಪಾಸಿನಲ್ಲೇ, ಅನ್ನ ಬಿಸಿಮಾಡುವಾಗ ಸಂಪರ್ಕ ತಡವರಿಸಿದರೆ ಆಶ್ಚರ್ಯವಿಲ್ಲ. ಪೆಟ್ಟಿಗೆ ಇರುವ ಕೋಣೆಯಲ್ಲಿ 5ನ್ನೂ ದೂರದ ಕೋಣೆಯಲ್ಲಿ 2.4ನ್ನೂ ಬಳಸಿ. 2.4ರಲ್ಲಿ ಒಂದರ ಮೇಲೊಂದು ಬೀಳದಂತೆ ವಾಡಿಕೆಯಲ್ಲಿರುವ ಚಾನೆಲ್ಲುಗಳು 1, 6, 11 ಮೂರೇ. ನೆರೆಯವರು 6ರಲ್ಲಿದ್ದರೆ ನೀವು 1ಕ್ಕೋ 11ಕ್ಕೋ ಸರಿಯುವುದು ಇಬ್ಬರಿಗೂ ಹಿತ.

ಮೂರನೆಯದು ವಿದ್ಯುತ್ತು. ಸಡಿಲವಾದ ಪ್ಲಗ್ಗು, ಸೊರಗಿದ ಅಡಾಪ್ಟರು, ಗಾಳಿಯಾಡದ ಮೂಲೆಯ ಕಾವು ಇವುಗಳಿಂದ ಪೆಟ್ಟಿಗೆ ತಾನೇ ಆರಿ ಹೊತ್ತಿಕೊಳ್ಳುವುದುಂಟು. ಒಮ್ಮೆ ಆರಿಸಿ, ಅರ್ಧ ನಿಮಿಷ ಬಿಟ್ಟು ಹೊತ್ತಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ದಿನವೂ ಹಾಗೆ ಮಾಡಬೇಕಾಗಿ ಬಂದರೆ ಅದು ಮದ್ದಲ್ಲ, ರೋಗದ ಲಕ್ಷಣ.

ಇಷ್ಟಾದರೂ ಒಂದು ಕೋಣೆ ಬರಿದಾಗಿಯೇ ಉಳಿದರೆ ಮರುಪ್ರಸಾರದ ಸಣ್ಣ ಪೆಟ್ಟಿಗೆ ಕೊಳ್ಳಬಹುದು. ಅದನ್ನು ಬರಿದಾದ ಕೋಣೆಯಲ್ಲೇ ಇಡುವುದು ಹಲವರು ಮಾಡುವ ತಪ್ಪು. ತಾನೇ ಕೇಳದ ಮಾತನ್ನು ಅದು ಮತ್ತೊಬ್ಬರಿಗೆ ಹೇಗೆ ಹೇಳೀತು? ನಡುದಾರಿಯಲ್ಲಿ, ಅಲೆ ಚೆನ್ನಾಗಿ ಸಿಕ್ಕುವಲ್ಲಿ ಇಡಬೇಕು. ತಂತಿ ಎಳೆದು ಜೋಡಿಸಲು ಸಾಧ್ಯವಾದರೆ ಇನ್ನೂ ಉತ್ತಮ.

ಯಾವುದನ್ನು ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ದಿನ ನೋಡಿ. ಯಾವ ಹೊತ್ತಿನಲ್ಲಿ, ಯಾವ ಕೋಣೆಯಲ್ಲಿ ಕಡಿಯಿತೆಂದು ಚೀಟಿಯಲ್ಲಿ ಬರೆದಿಡಿ. ಕಂಪೆನಿಯವನು ಬಂದಾಗ ಹತ್ತು ಬೈಗುಳಕ್ಕಿಂತ ಆ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ನಮ್ಮಲ್ಲಿಗೆ ಬಂದಿದ್ದ ತರುಣನಿಗೆ ಅಂದು ಕಾಫಿಯನ್ನೇನೋ ಕೊಟ್ಟೆ. ತಪ್ಪು ನನ್ನದೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ. ನಿಮಗೆ ಅಂಥ ಸಂದರ್ಭ ಬಾರದಿರಲಿ.