ಸಭೆ, ಸಂಘ ಮತ್ತು ಪ್ರಭುತ್ವ: ತೊಕ್ಕೊಟ್ಟಿನ ನೆಲೆಯಿಂದ ಒಂದು ಪರಿಶೀಲನೆ

ನೇತ್ರಾವತಿಯ ದಕ್ಷಿಣಕ್ಕೆ, ಮಂಗಳೂರು–ಕಾಸರಗೋಡು ಹೆದ್ದಾರಿಯಲ್ಲಿರುವ ತೊಕ್ಕೊಟ್ಟು ಹಲವು ಊರುಗಳ ಜನ ಬಂದು ಸೇರುವ ಪೇಟೆ. ಜನ ಸೇರುವಲ್ಲಿ ಸಭೆಯೂ ಸಂಘವೂ ಸಹಜ. ಈ ಸಹಜ ಪ್ರವೃತ್ತಿಗೆ ಸಂವಿಧಾನದ 19(1)ನೆಯ ವಿಧಿಯು ಹಕ್ಕಿನ ರೂಪ ನೀಡಿದೆ. ಅದರ (ಬಿ) ಖಂಡ ನಿರಾಯುಧರಾಗಿ, ಶಾಂತಿಯುತವಾಗಿ ಸಭೆ ಸೇರುವುದಕ್ಕೆ ಸಂಬಂಧಿಸಿದ್ದು. (ಸಿ) ಖಂಡ ಸಂಘ ಕಟ್ಟುವುದಕ್ಕೆ. ಎರಡೂ ನಿರಪೇಕ್ಷವಲ್ಲ; ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಯುಕ್ತ ನಿರ್ಬಂಧ ಸಾಧ್ಯ. ಆ ಯುಕ್ತತೆಯನ್ನು ನಿರ್ಣಯಿಸುವವರು ಯಾರು ಎಂಬುದೇ ಮೂಲ ಪ್ರಶ್ನೆ.

ಈ ಪ್ರಶ್ನೆಗೆ ದೊರೆತ ಮೊದಲ ಮಹತ್ವದ ಉತ್ತರ ಈ ನೆಲಕ್ಕೂ ಸಂಬಂಧಿಸಿದ್ದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸು ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ 1950ರ ತಿದ್ದುಪಡಿ ಕಾಯ್ದೆಯು ಯಾವುದೇ ಸಂಘವನ್ನು ಕಾನೂನುಬಾಹಿರವೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ವಿ. ಜಿ. ರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1952ರ ಮಾರ್ಚ್ 31ರಂದು ಆ ಅಧಿಕಾರವನ್ನು ಅಸಿಂಧುಗೊಳಿಸಿತು. ಸರ್ಕಾರದ ಸ್ವಂತ ಅಭಿಪ್ರಾಯವೇ ಪ್ರಮಾಣವಾಗುವುದು, ನ್ಯಾಯಾಂಗದ ವಿಚಾರಣೆಗೆ ಎಡೆಯಿಲ್ಲದಿರುವುದು ಯುಕ್ತ ನಿರ್ಬಂಧವಲ್ಲ ಎಂಬುದು ಆ ತೀರ್ಪಿನ ತಿರುಳು.

ಸಭೆಯ ವಿಷಯದಲ್ಲಿ ಮುಖ್ಯವಾದುದು ನಿಷೇಧಾಜ್ಞೆ. ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಲ್ಲಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಲ್ಲಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ ಇಂಥ ಆದೇಶವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರವೆಂದಿತು. ಕಾರಣ ನೀಡದ ನಿಷೇಧ ನಿಲ್ಲದು ಎಂಬ ತತ್ವ ಇದರಿಂದ ದೃಢವಾಯಿತು.

ಆದರೆ ಹಕ್ಕಿಗೆ ಅಡ್ಡಿ ಪ್ರಭುತ್ವದಿಂದಷ್ಟೇ ಬರುವುದಿಲ್ಲ. 2017ರ ಫೆಬ್ರುವರಿ 25ರಂದು ಮಂಗಳೂರಿನಲ್ಲಿ ಸಿಪಿಐ(ಎಂ) ಏರ್ಪಡಿಸಿದ್ದ ಸೌಹಾರ್ದ ರ್ಯಾಲಿಗೆ ಕೇರಳದ ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಬರುವುದನ್ನು ವಿರೋಧಿಸಿ ಬಂದ್ ಕರೆ ನೀಡಲಾಗಿತ್ತು. ಅದಕ್ಕೆ ಮುನ್ನ ತೊಕ್ಕೊಟ್ಟಿನಲ್ಲಿದ್ದ ಆ ಪಕ್ಷದ ಕಚೇರಿಗೆ ಬೆಂಕಿ ಹಚ್ಚಿದ್ದು ವರದಿಯಾಯಿತು. ನಗರದಲ್ಲಿ ನಿಷೇಧಾಜ್ಞೆ ಜಾರಿಯಾದರೂ ರ್ಯಾಲಿಗೆ ವಿನಾಯಿತಿ ದೊರೆತು, ಪೊಲೀಸ್ ಬಂದೋಬಸ್ತಿನಲ್ಲಿ ಅದು ನಡೆಯಿತು.

ಈ ಪ್ರಸಂಗ ಹಕ್ಕಿನ ಎರಡು ಮುಖಗಳನ್ನು ಸ್ಪಷ್ಟಪಡಿಸುತ್ತದೆ. ಅಡ್ಡಿಪಡಿಸದಿರುವುದು ಪ್ರಭುತ್ವದ ಒಂದು ಹೊಣೆ. ಅಡ್ಡಿಪಡಿಸುವವರಿಂದ ರಕ್ಷಿಸುವುದು ಇನ್ನೊಂದು. ವಿರೋಧದ ಬೆದರಿಕೆಯಿದೆ ಎಂದು ಸಭೆಯನ್ನೇ ನಿಷೇಧಿಸಿದರೆ ಬೆದರಿಸಿದವರೇ ಗೆಲ್ಲುತ್ತಾರೆ. ಈ ವಿವೇಚನೆ ಪಕ್ಷಾತೀತವಾಗಿ ಅನ್ವಯಿಸಬೇಕು. ಇಂದು ಒಬ್ಬರಿಗೆ ನಿರಾಕರಿಸಿದ ಮೈದಾನ ನಾಳೆ ಮತ್ತೊಬ್ಬರಿಗೂ ದಕ್ಕದು.