ಸಬ್ರ್ ಇರಲಿ, ದಾರಿ ಎಲ್ಲಿಗೂ ಹೋಗಲ್ಲ

ಗದಗ-ಬೆಟಗೇರಿ ಸೈಕಲ್ ಓಟಗಾರರಿಗೆ ಹೆಸರಾದ ಊರು. ಇಲ್ಲಿರುವ ನಮ್ಮ ಬ್ಯಾರಿ ಮನೆಗಳ ಮಕ್ಕಳೂ ಸೈಕಲ್ ಕೇಳ್ತಾರೆ. ಅವರಿಗೆ ನಾವು ಹೇಳಬೇಕಾದ ಎರಡು ಹೆಸರುಗಳಿವೆ.

ಅಮೆರಿಕದ ಇಯಾನ್ ಬಾಸ್ವೆಲ್ 2019ರಲ್ಲಿ ಇಟಲಿಯ ರೇಸಿನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಡಾಂಬರು ರಸ್ತೆಯ ರೇಸನ್ನೇ ಬಿಟ್ಟರು. ಲಾರೆನ್ ಡಿ ಕ್ರೆಸೆಂಜೊ ಅವರಿಗೆ 2016ರಲ್ಲಿ ಬಿದ್ದು ಮಿದುಳಿಗೇ ಏಟಾಯಿತು. 2021ರಲ್ಲಿ ಕಾನ್ಸಾಸ್‌ನ ಸುಮಾರು 320 ಕಿ.ಮೀ. ಜಲ್ಲಿ ರಸ್ತೆಯ ‘ಅನ್‌ಬೌಂಡ್’ ರೇಸಿನಲ್ಲಿ ಪುರುಷರಲ್ಲಿ ಇಯಾನ್, ಮಹಿಳೆಯರಲ್ಲಿ ಲಾರೆನ್ ಗೆದ್ದರು.

ಪೆಟ್ಟಿಗೂ ಗೆಲುವಿಗೂ ನಡುವೆ ವರ್ಷಗಳ ಸಬ್ರ್ ಇದೆ. ದೇಹ ಅಲ್ಲಾಹನು ಕೊಟ್ಟ ಅಮಾನತ್. ತಲೆಗೆ ಪೆಟ್ಟಾದ ಮಗುವನ್ನು ‘ಏನೂ ಆಗ್ಲಿಲ್ಲ, ಹತ್ತು’ ಅಂತ ಮರುದಿನವೇ ಸೈಕಲ್ ಏರಿಸಬಾರದು. ಮೊದಲು ವೈದ್ಯರು ಒಪ್ಪಲಿ, ತಲೆಗೆ ಹೆಲ್ಮೆಟ್ ಬರಲಿ. ಶಿರಹಟ್ಟಿ, ಮುಂಡರಗಿ ಕಡೆಯ ಮಣ್ಣಿನ ದಾರಿ ಅಲ್ಲೇ ಇರುತ್ತೆ.